‘ಮಂಗಳವಾರ ಡಾಕ್ಟರ್ ಬರುತ್ತಾರೆ’ ಅಂತ ನಿಮ್ಮ ಮನೆಗೆ ಹೇಳಿದ್ದು ಯಾರು?

ತೋಟದಮನೆ ಅಕ್ಕ

ಉಡುಪಿ ಜಿಲ್ಲೆಯ ಒಳಗಿನ ಒಂದು ಊರಿನಿಂದ ಬರೆಯುತ್ತಿದ್ದೇನೆ. ದಿನಕ್ಕೆ ಐದು ಸಲ ಬಸ್ಸು ಬರುವ ಊರು. ತುಂಬಾ ದಿನದಿಂದ ಕೇಳಬೇಕು ಅಂದುಕೊಂಡಿದ್ದ ಪ್ರಶ್ನೆ ಇದು. ಉದ್ದ ಆದರೆ ಬೇಸರ ಮಾಡಬೇಡಿ.

ನನ್ನ ತಮ್ಮನಿಗೆ ಈಗ 29. ಆರು ವರ್ಷದ ಹಿಂದೆ ಮಂಗಳೂರಿನಲ್ಲಿ ಕೆಲಸಕ್ಕಿದ್ದ. ಒಂದು ಶನಿವಾರ ಮನೆಗೆ ಬಂದವನು ಸೋಮವಾರ ವಾಪಸ್ ಹೋಗಲಿಲ್ಲ. ರಾತ್ರಿ ನಿದ್ದೆ ಇಲ್ಲ. ಹಗಲು ಕಿಟಕಿ ಎಲ್ಲ ಮುಚ್ಚಿ ಕೂರುತ್ತಿದ್ದ. ಬಾವಿಕಟ್ಟೆ ಹತ್ತಿರ ಯಾರೋ ತನ್ನ ಬಗ್ಗೆ ಮಾತಾಡುತ್ತಿದ್ದಾರೆ ಅನ್ನುತ್ತಿದ್ದ. ಅಮ್ಮ ಗಂಜಿ ಬಡಿಸಿದರೆ ಮೊದಲು ಅಮ್ಮನೇ ಒಂದು ತುತ್ತು ತಿಂದು ತೋರಿಸಬೇಕು. ಅಮ್ಮ ಏನೂ ಹೇಳದೆ ತಿನ್ನುತ್ತಿದ್ದರು. ಆಮೇಲೆ ಅದೇ ಬಟ್ಟಲನ್ನು ಅವನ ಮುಂದೆ ಇಡುತ್ತಿದ್ದರು. ಹದಿನಾಲ್ಕು ತಿಂಗಳು ಹೀಗೆ ನಡೆಯಿತು.

ನಾವೇನು ಸುಮ್ನೆ ಕೂತಿರಲಿಲ್ಲ. ಜೋಯಿಸರಲ್ಲಿ ಪ್ರಶ್ನೆ ಇಟ್ಟೆವು. ನಾಗನಿಗೆ ಆಶ್ಲೇಷಾ ಬಲಿ ಮಾಡಿಸಿದೆವು. ದೈವಕ್ಕೆ ತಂಬಿಲ ಕೊಟ್ಟೆವು. ಮದುವೆ ಮಾಡಿದರೆ ಎಲ್ಲ ಸರಿ ಆಗುತ್ತದೆ ಅಂದವರೂ ಇದ್ದರು. ಅದೊಂದನ್ನು ಮಾಡಲಿಲ್ಲ, ದೇವರು ದೊಡ್ಡವನು. ಖರ್ಚಿಗೆ ನನ್ನ ಎರಡು ಬಳೆ ಸೊಸೈಟಿಯಲ್ಲಿ ಅಡವಿಗೆ ಹೋದವು.

ಒಂದು ಜುಲೈ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಬಂದರು. ಅವರು ಬಂದದ್ದು ಡೆಂಗಿ ಸರ್ವೆಗೆ. ಹಟ್ಟಿಯ ಹಿಂದೆ ಬಿದ್ದಿದ್ದ ತೆಂಗಿನ ಗೆರಟೆಗಳನ್ನು ಒಂದೊಂದಾಗಿ ಕವುಚಿ ಹಾಕುತ್ತಾ ಬಂದವರು ಮುಚ್ಚಿದ ಕಿಟಕಿ ನೋಡಿ ನಿಂತರು. ‘ಒಳಗೆ ಯಾರಕ್ಕ?’ ಅಂತ ಕೇಳಿದರು. ನನಗೆ ಅಳು ಬಂತು. ಅವರು ಕೊಡೆ ಮಡಚಿ ಜಗಲಿಯಲ್ಲಿ ಕೂತರು. ಕೊನೆಗೆ ಹೇಳಿದ್ದು ಇಷ್ಟೇ: ‘ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮಂಡೆಯ ಡಾಕ್ಟರ್ ಬರುತ್ತಾರೆ. ದುಡ್ಡು ಬೇಡ. ಬೆಳಿಗ್ಗೆ ಒಂಬತ್ತರ ಒಳಗೆ ಚೀಟಿ ಮಾಡಿಸಬೇಕು. ನಾನೂ ಬರುತ್ತೇನೆ.’

ಹದಿನಾಲ್ಕು ತಿಂಗಳಲ್ಲಿ ಇಂಥ ಮಾತು ಬೇರೆ ಯಾರೂ ನಮಗೆ ಹೇಳಿರಲಿಲ್ಲ.

ಆಮೇಲೆ ಗೊತ್ತಾಯಿತು, ಅದರ ಹೆಸರು ಮನೋಚೈತನ್ಯ. ಮಂಗಳವಾರದ ದಿನ ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ರಾಜ್ಯ ಸರ್ಕಾರದ ಕಾರ್ಯಕ್ರಮ. ತಮ್ಮನಿಗೆ ಹುಷಾರು ತಪ್ಪುವುದಕ್ಕೆ ಎಷ್ಟೋ ಮೊದಲೇ ಅದು ಶುರುವಾಗಿತ್ತು. ಅಪ್ಪನ ಬಿಪಿ ಮಾತ್ರೆಗೆ ನಾವು ತಿಂಗಳು ತಿಂಗಳೂ ಸರ್ಕಾರಿ ಆಸ್ಪತ್ರೆಗೆ ಹೋದವರೇ. ಗೋಡೆಯಲ್ಲಿ ‘ಮಾನಸಿಕ ಅಸ್ವಸ್ಥತೆ’ ಅಂತ ಬರೆದ ಬೋರ್ಡ್ ನೋಡಿದವರೇ. ಅದು ನಮ್ಮ ಮನೆಯ ವಿಷಯ ಅಂತ ಒಂದು ದಿನವೂ ಅನಿಸಲಿಲ್ಲ. ನಮ್ಮ ಮನೆಯಲ್ಲಿ ಇದ್ದ ಮಾತು ‘ಮಂಡೆ ಬಿಸಿ’, ‘ಮಂಡೆ ಸಮ ಇಲ್ಲ’. ನೆರೆಮನೆಯವರು ತುಳುವಿನಲ್ಲಿ ಹೇಳುತ್ತಿದ್ದದ್ದು ‘ಮರ್ಲ್’, ಅಂದರೆ ಹುಚ್ಚು. ಬೋರ್ಡಿನಲ್ಲಿ ಆ ಯಾವ ಶಬ್ದವೂ ಇರಲಿಲ್ಲ.

ಸರ್ಕಾರ ಏನೂ ಮಾಡುತ್ತಿಲ್ಲ ಅಂತ ನಾನು ಹೇಳುವುದಿಲ್ಲ. ಅಕ್ಟೋಬರ್ 10ಕ್ಕೆ, ವಿಶ್ವ ಮಾನಸಿಕ ಆರೋಗ್ಯ ದಿನ ಅಂತ, ಜಾಥಾ ಆಗುತ್ತದೆ, ಬೀದಿ ನಾಟಕ ಆಗುತ್ತದೆ, ರೇಡಿಯೋದಲ್ಲಿ ಬರುತ್ತದೆ. ನನ್ನ ಪ್ರಶ್ನೆ ಬೇರೆ. ಇದರಲ್ಲಿ ನಿಮ್ಮ ಮನೆಯ ಬಾಗಿಲಿಗೆ ನಿಜಕ್ಕೂ ಮುಟ್ಟಿದ್ದು ಯಾವುದು? ಯಾರು ಹೇಳಿದ್ದು, ಯಾವ ಶಬ್ದದಲ್ಲಿ ಹೇಳಿದ್ದು? ನೀವೆಲ್ಲ ಬರೆದರೆ ಅದನ್ನು ಒಟ್ಟು ಮಾಡಿ ನಮ್ಮ ಗ್ರಾಮಸಭೆಗೆ ಕೊಡಬೇಕು ಅಂತ ಇದ್ದೇನೆ.

ತಮ್ಮ ಈಗ ಮಾತ್ರೆ ತೆಗೆದುಕೊಳ್ಳುತ್ತಾನೆ. ತೋಟ ನೋಡುತ್ತಾನೆ, ಬೆಳಿಗ್ಗೆ ಡೈರಿಗೆ ಹಾಲು ಹಾಕುತ್ತಾನೆ. ಅವನನ್ನು ಕೇಳಿಯೇ ಇದನ್ನು ಬರೆದಿದ್ದೇನೆ.

ಮಲ್ಪೆ ಬಂದರು

ಅಕ್ಕ, ಓದಿದೆ. ಗಂಜಿಯ ಮಾತು ಓದುವಾಗ ನಮ್ಮ ಮನೆಯೇ ಕಣ್ಣೆದುರು ಬಂತು.

ನಮ್ಮ ಕಡೆಯ ಒಂದು ವಿಷಯ ಹೇಳುತ್ತೇನೆ. ಮೀನುಗಾರರಿಗೆ ಮಾಹಿತಿ ಶಿಬಿರ ಅಂತ ಒಮ್ಮೆ ಮಾಡಿದ್ದರು, ಅಕ್ಟೋಬರಿನಲ್ಲಿ. ಅಕ್ಟೋಬರ್ ಅಂದರೆ ಸೀಸನ್ ಮಾರಾಯ್ರೆ. ಆಳಸಮುದ್ರದ ಬೋಟಿಗೆ ಹೋದವರು ಹತ್ತು ದಿನ ಬಿಟ್ಟು ಬರುವುದು. ಶಿಬಿರದಲ್ಲಿ ಕೂತವರು ನಾಲ್ಕು ಜನ ಹೆಂಗಸರು, ಅವರಿಗೂ ಮೀನು ಹರಾಜಿಗೆ ಹೊತ್ತಾಗುತ್ತಿತ್ತು.

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ರಜೆ. ಬೋಟು ದಡದಲ್ಲಿ, ಗಂಡಸರು ಮನೆಯಲ್ಲಿ. ಕೈಯಲ್ಲಿ ದುಡ್ಡಿಲ್ಲ, ಸಾಲದವರು ಬರುತ್ತಾರೆ, ಹೊರಗೆ ಜಡಿಮಳೆ. ಕುಡಿತ ಜಾಸ್ತಿ ಆಗುವುದೂ ಆಗಲೇ, ಮನೆಯಲ್ಲಿ ಗಲಾಟೆ ಆಗುವುದೂ ಆಗಲೇ. ಆ ಎರಡು ತಿಂಗಳು ಬಲೆ ರಿಪೇರಿಯ ಶೆಡ್ಡಿನಲ್ಲಿ ಒಟ್ಟೊಟ್ಟಿಗೆ ಐವತ್ತು ಅರವತ್ತು ಜನ ಕೂತಿರುತ್ತಾರೆ. ಕೈ ಕೆಲಸದಲ್ಲಿ ಇರುತ್ತದೆ, ಕಿವಿ ಖಾಲಿ ಇರುತ್ತದೆ. ಆಗ ಬಂದು ಮಾತಾಡಲಿ. ಕುರ್ಚಿ, ಮೈಕ್, ಹಾರ ಯಾವುದೂ ಬೇಡ. ನಮ್ಮ ಒಟ್ಟಿಗೆ ನೆಲದಲ್ಲಿ ಕೂತು ಮಾತಾಡಿದರೆ ಸಾಕು.

ಕಂಕನಾಡಿ ಅಣ್ಣ

ನಾನು ನೇರ ಹೇಳುವವನು. ಇದೆಲ್ಲ ಫ್ಲೆಕ್ಸಿನ ಖರ್ಚು. ಒಂದು ದಿನ ಮಕ್ಕಳನ್ನು ಬಿಸಿಲಿನಲ್ಲಿ ಮೆರವಣಿಗೆ ಮಾಡಿಸುತ್ತಾರೆ, ಮರುದಿನ ಪೇಪರಿನಲ್ಲಿ ಫೋಟೋ. ಜನರಿಗೆ ಅರಿವು ಬಂದು ಅವರು ಆಸ್ಪತ್ರೆಗೆ ಹೋದರೆ ಅಲ್ಲಿ ಡಾಕ್ಟರ್ ಇರಬೇಕಲ್ಲ? ಮಾತ್ರೆ ಇರಬೇಕಲ್ಲ? ಮೊದಲು ಅದನ್ನು ಸರಿ ಮಾಡಲಿ. ಅರಿವು ಆಮೇಲೆ.

ಸಮುದಾಯ ನರ್ಸ್

ಅಣ್ಣ, ನಿಮ್ಮ ಸಿಟ್ಟು ತಪ್ಪು ಅನ್ನುವುದಿಲ್ಲ. ನಾನು ಇದೇ ಕೆಲಸದಲ್ಲಿ ಇರುವವಳು. ಯಾವ ಜಿಲ್ಲೆ ಅಂತ ಹೇಳುವುದು ಬೇಡ. ಒಳಗಿನಿಂದ ಕಂಡದ್ದನ್ನು ಬರೆಯುತ್ತೇನೆ.

ರಾಷ್ಟ್ರೀಯ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು 1982ರಲ್ಲಿ. ಆದರೆ ಹಳ್ಳಿಗೆ ಮುಟ್ಟಿಸುವುದು ಹೇಗೆ ಅಂತ ಯಾರಿಗೂ ಗೊತ್ತಿರಲಿಲ್ಲ. ದಾರಿ ತೋರಿಸಿದ್ದು ನಮ್ಮದೇ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟರು. ಜ್ವರ, ಭೇದಿ ನೋಡುವ ಅದೇ ಜಾಗದಲ್ಲಿ ಈ ಕಾಯಿಲೆಗೂ ಮಾತ್ರೆ ಕೊಡಬಹುದು ಅಂತ ಮಾಡಿ ತೋರಿಸಿದರು. ಅದನ್ನು ನೋಡಿಯೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಬಂತು. ನನ್ನ ಕೆಲಸ ಇರುವುದು ಅದರಲ್ಲೇ. ಒಂದು ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಸಮಾಜ ಕಾರ್ಯಕರ್ತರು, ನರ್ಸುಗಳು ಇರಬೇಕು. ಯಾವುದಾದರೂ ಒಂದು ಹುದ್ದೆ ಖಾಲಿ ಬಿದ್ದರೆ ಉಳಿದವರ ಮೇಲೆ ಬೀಳುತ್ತದೆ.

ಇನ್ನು ‘ಅರಿವು ಆಮೇಲೆ’ ಅಂದಿರಿ. ನಿಮ್ಹಾನ್ಸ್ 2015–16ರಲ್ಲಿ 12 ರಾಜ್ಯಗಳಲ್ಲಿ ಸರ್ವೆ ಮಾಡಿತು. ನೂರು ದೊಡ್ಡವರಲ್ಲಿ ಹತ್ತು ಹನ್ನೊಂದು ಜನಕ್ಕೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಅವರಲ್ಲಿ ಚಿಕಿತ್ಸೆ ಸಿಗದೆ ಉಳಿದವರು ಕಾಯಿಲೆಗೆ ತಕ್ಕ ಹಾಗೆ ನೂರಕ್ಕೆ 70ರಿಂದ 92. ಡಾಕ್ಟರ್ ಕಡಿಮೆ ಇರುವುದು ಅದಕ್ಕೆ ಒಂದು ಕಾರಣ, ನಿಜ. ಆದರೆ ಡಾಕ್ಟರ್ ಬಂದು ಕೂತ ದಿನವೂ ಖಾಲಿ ಇರುವ ಬೆಂಚನ್ನು ನಾನು ನೋಡಿದ್ದೇನೆ. ಅದೇ ಊರಿನಲ್ಲಿ ಎರಡು ಕಿಲೋಮೀಟರ್ ಆಚೆ ಮುಚ್ಚಿದ ಕಿಟಕಿಯೂ ಇರುತ್ತದೆ.

ಮತ್ತೆ, ಇದು ಸರ್ಕಾರ ಮಾಡುವ ಉಪಕಾರ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಲ್ಲಿ 30ನೇ ಕಲಂ ಇದೆ. ರೇಡಿಯೋ, ಟಿವಿ, ಪತ್ರಿಕೆ ಎಲ್ಲದರಲ್ಲೂ ಈ ಕಾಯ್ದೆಯ ಪ್ರಚಾರ ಮಾಡಬೇಕು, ಕಾಯಿಲೆಯವರ ಬಗ್ಗೆ ಇರುವ ಕೀಳು ಭಾವನೆ ಹೋಗಲಾಡಿಸಬೇಕು, ಪೊಲೀಸರಿಗೂ ಅಧಿಕಾರಿಗಳಿಗೂ ಆಗಾಗ ತಿಳಿವಳಿಕೆ ಕೊಡಬೇಕು ಅಂತ ಅದು ಸರ್ಕಾರಕ್ಕೇ ಹೇಳುತ್ತದೆ. ಗ್ರಾಮಸಭೆಯಲ್ಲಿ ಕೇಳುವಾಗ ಆ ನಂಬರ್ ಹೇಳಿ ಕೇಳಿ ಅಕ್ಕ.

ಫ್ಲೆಕ್ಸಿನ ಬಗ್ಗೆ ನಿಮ್ಮ ಮಾತು ಒಪ್ಪುತ್ತೇನೆ. ಫ್ಲೆಕ್ಸಿಗೆ ಬಿಲ್ ಹಾಕುವುದು ಸುಲಭ. ಆ ಆಶಾ ಅಕ್ಕ ಕೊಡೆ ಮಡಚಿ ಜಗಲಿಯಲ್ಲಿ ಕೂತ ಅರ್ಧ ಗಂಟೆಗೆ ಬಿಲ್ ಹಾಕುವುದು ಹೇಗೆ?

ಗುತ್ತುಮನೆ

ಎಲ್ಲ ಸರಿ. ಆದರೆ ಪ್ರಶ್ನೆ, ತಂಬಿಲ ಅಂತ ಬರೆದದ್ದು ಓದಿ ಸ್ವಲ್ಪ ಬೇಸರ ಆಯಿತು. ನಮ್ಮ ದೈವದೇವರಿಂದ ಹಾಳಾದದ್ದು ಅಂತ ಪೇಟೆಯವರು ಹೇಳುವುದು ಮೊದಲೇ ಜಾಸ್ತಿ ಆಗಿದೆ.

ತೋಟದಮನೆ ಅಕ್ಕ

ಅಣ್ಣ, ಹಾಗೆ ಅನಿಸಿದ್ದರೆ ಕ್ಷಮಿಸಿ. ನಾವು ಈಗಲೂ ವರ್ಷಕ್ಕೊಮ್ಮೆ ತಂಬಿಲ ಕೊಡುತ್ತೇವೆ. ಇನ್ನೊಂದು ವಿಷಯ ನಾನು ಬರೆಯಬೇಕಿತ್ತು. ಆ ವರ್ಷದ ದೈವದ ನೇಮದಲ್ಲಿ ಅಮ್ಮ ದೈವದ ಎದುರು ನಿಂತು ಕಣ್ಣೀರು ಹಾಕಿದಾಗ ನುಡಿ ಆದದ್ದು ‘ನನ್ನ ಅಭಯ ಉಂಟು, ಮದ್ದಿನವರ ಹತ್ತಿರವೂ ಹೋಗು’ ಅಂತ. ದೈವ ಮದ್ದಿಗೆ ಅಡ್ಡ ಹೇಳಲಿಲ್ಲ. ಆದರೆ ಮದ್ದು ಎಲ್ಲಿ, ಯಾವ ದಿನ, ಯಾವ ಬಾಗಿಲು ಅಂತ ಹೇಳುವವರು ನಮಗೆ ಇರಲಿಲ್ಲ. ಅಷ್ಟೇ ನನ್ನ ಸಂಕಟ.

ಗುತ್ತುಮನೆ

ಹಾಗಾದರೆ ಸರಿ ಅಕ್ಕ. ನನಗೂ ಈಗ ಒಂದು ಯೋಚನೆ ಬರುತ್ತದೆ. ನಮ್ಮಲ್ಲಿ ನಿದ್ದೆ ಇಲ್ಲದಿದ್ದರೆ, ಮಗು ಹೆದರಿದರೆ ಜನ ಮೊದಲು ಹೋಗುವುದು ಪ್ರಶ್ನೆ ಇಡುವವರ ಹತ್ತಿರ, ದೈವ ಮೈಮೇಲೆ ಬರುವ ಪಾತ್ರಿಗಳ ಹತ್ತಿರ. ಆಶಾ ಕಾರ್ಯಕರ್ತೆಗೆ ಕೊಡುವ ತರಬೇತಿಯನ್ನು ಅವರಿಗೂ ಅರ್ಧ ದಿನ ಕೊಡಬಹುದಲ್ಲ? ‘ಪೂಜೆ ಮಾಡಿಸಿ, ಮಂಗಳವಾರ ಆಸ್ಪತ್ರೆಗೂ ಹೋಗಿ’ ಅಂತ ಅವರ ಬಾಯಿಂದ ಬಂದರೆ ಅದರ ತೂಕ ಬೇರೆ.

ಉಳ್ಳಾಲದವ

ನಮ್ಮಲ್ಲೂ ಅದೇ. ಮೊದಲು ಉಸ್ತಾದರ ಹತ್ತಿರ ನೂಲು ಕಟ್ಟಿಸಿಕೊಳ್ಳುವುದು, ನೀರು ಊದಿಸಿಕೊಳ್ಳುವುದು. ಗುತ್ತುಮನೆಯವರು ಹೇಳಿದ ಯೋಚನೆಯನ್ನು ಗುಜರಾತಿನಲ್ಲಿ ಮಾಡಿ ತೋರಿಸಿದ್ದಾರೆ. ಉನಾವಾ ಎಂಬ ಊರಿನ ಮೀರಾ ದಾತಾರ್ ದರ್ಗಾದಲ್ಲಿ ‘ದವಾ-ದುವಾ’ ಅಂತ, ಅಂದರೆ ಮದ್ದು ಮತ್ತು ಪ್ರಾರ್ಥನೆ. ದುವಾಕ್ಕೆ ಬಂದವರನ್ನು ದರ್ಗಾ ನೋಡಿಕೊಳ್ಳುವ ಮುಜಾವರರೇ ಮಗ್ಗುಲಲ್ಲಿ ಕೂತ ಡಾಕ್ಟರ ಹತ್ತಿರ ಕಳಿಸುತ್ತಾರೆ. ಎರಡೂ ಒಟ್ಟಿಗೆ ನಡೆಯುತ್ತದೆ.

ಹೀಗೆ ಮಾಡದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ತಮಿಳುನಾಡಿನ ಏರ್ವಾಡಿ ಉಂಟು, ಅದೂ ದರ್ಗಾದ ಊರು. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಶೆಡ್ಡಿಗೆ ಬೆಂಕಿ ಬಿತ್ತು. ಒಳಗೆ ಕಾಯಿಲೆಯವರನ್ನು ಸರಪಳಿಯಲ್ಲಿ ಕಟ್ಟಿದ್ದರು. 28 ಜನ ಹೋದರು. ಓಡಿಹೋಗಲಿಕ್ಕೆ ಆಗಲಿಲ್ಲ ಅವರಿಗೆ. 2017ರ ಕಾಯ್ದೆಯಲ್ಲಿ ಯಾರನ್ನೂ ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟಬಾರದು ಅಂತ ಬರೆದಿದೆ. ಮಸೀದಿಯಲ್ಲಿ ಶುಕ್ರವಾರ ಹೇಳಬೇಕಾದ ವಿಷಯ ಇದು ಅಂತ ನನಗೆ ಅನಿಸುತ್ತದೆ.

ಹಾಸ್ಟೆಲ್ ರೂಮ್ 12

ನಾನು ಇಲ್ಲಿ ಇದೇ ಮೊದಲು ಬರೆಯುವುದು. ಮಂಗಳೂರಿನಲ್ಲಿ ಓದುತ್ತಿದ್ದೇನೆ, ಮನೆ ದೂರ.

ನನಗೆ ಮುಟ್ಟಿದ್ದು 14416. ಕಾಲೇಜಿನ ಕಾರ್ಯಕ್ರಮದಲ್ಲಿ ಒಬ್ಬರು ಮೇಡಂ ‘ಟೆಲಿ ಮಾನಸ್’ ಅಂತ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿಯ ಬಗ್ಗೆ ಹೇಳಿದ್ದರು. 2022ರ ಅಕ್ಟೋಬರ್ 10ರಂದು ಶುರುವಾದದ್ದು, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ ಅಂತೆಲ್ಲ. ಆವಾಗ ಹಿಂದಿನ ಬೆಂಚಿನಲ್ಲಿ ಕೂತು ನಗಾಡಿದ್ದೆವು. ಆದರೆ ನಂಬರ್ ಮಾತ್ರ ತಲೆಯಲ್ಲಿ ಕೂತಿತ್ತು, ಐದೇ ಅಂಕಿ ಅಲ್ವಾ.

ಎರಡನೇ ವರ್ಷದಲ್ಲಿ ಒಂದು ವಾರ ನಿದ್ದೆಯೇ ಇರಲಿಲ್ಲ. ಎದೆ ಡವಡವ, ಕೈಬೆರಳು ತಣ್ಣಗೆ. ರೂಮಿನವರನ್ನು ಎಬ್ಬಿಸಲು ನಾಚಿಕೆ. ರಾತ್ರಿ ಎರಡು ಗಂಟೆಗೆ ಬಟ್ಟೆ ಒಣಗಿಸುವ ತಾರಸಿಯ ಮೆಟ್ಟಿಲಲ್ಲಿ ಕೂತು ಫೋನ್ ಮಾಡಿದೆ. ಕನ್ನಡ ಆರಿಸಿದೆ. ಒಬ್ಬರು ಹೆಂಗಸು ಎತ್ತಿದರು. ನನಗೆ ಮಾತೇ ಬರಲಿಲ್ಲ. ಅವರು ಫೋನ್ ಇಡಲಿಲ್ಲ. ‘ನಿಧಾನ ಹೇಳಿ, ನಾನು ಇದ್ದೇನೆ’ ಅಂದರು. ಸ್ವಲ್ಪ ಹೊತ್ತು ಬರೀ ನಾನು ಉಸಿರಾಡುವ ಶಬ್ದ. ಆಮೇಲೆ ಊಟ ಮಾಡಿದ್ದೀರಾ ಅಂತ ಕೇಳಿದರು. ಅದು ಕೇಳಿ ಅಳು ಬಂತು.

ಇಪ್ಪತ್ತೆರಡು ನಿಮಿಷ ಮಾತಾಡಿದೆ. ಹತ್ತಿರದಲ್ಲಿ ಎಲ್ಲಿ ತೋರಿಸಬಹುದು ಅಂತ ಅವರೇ ಹೇಳಿದರು. ಮರುದಿನ ಗೆಳತಿಯನ್ನು ಕರೆದುಕೊಂಡು ಹೋದೆ. ಈಗ ಪರವಾಗಿಲ್ಲ. ತಾರಸಿ ಮೆಟ್ಟಿಲ ಗೋಡೆಯಲ್ಲಿ ಸಣ್ಣದಾಗಿ ಪೆನ್ನಿನಲ್ಲಿ ಆ ನಂಬರ್ ಬರೆದಿದ್ದೇನೆ.

ಸಮುದಾಯ ನರ್ಸ್

ರೂಮ್ 12, ಬರೆದದ್ದು ತುಂಬಾ ಒಳ್ಳೆಯದಾಯಿತು. ಓದುವವರಿಗೆ ಒಂದು ಮಾತು: 14416 ಎತ್ತುವವರು ತರಬೇತಿ ಆದ ಸಲಹೆಗಾರರು. ಜಾಸ್ತಿ ಬೇಕು ಅನಿಸಿದರೆ ಅವರು ಮನೋವೈದ್ಯರಿಗೆ, ಇಲ್ಲದಿದ್ದರೆ ನಮ್ಮಂಥ ಜಿಲ್ಲಾ ತಂಡಕ್ಕೆ ದಾಟಿಸುತ್ತಾರೆ. ಆ ನಂಬರ್ ಹೋಗದಿದ್ದರೆ 1800 891 4416 ಅಂತ ಇನ್ನೊಂದು ಉಂಟು. ಕಾಯಿಲೆಯವರೇ ಮಾಡಬೇಕು ಅಂತಿಲ್ಲ. ಮನೆಯವರು, ಸ್ನೇಹಿತರು ‘ಇವನಿಗೆ ಹೀಗಾಗುತ್ತಿದೆ, ಎಂತ ಮಾಡುವುದು’ ಅಂತ ಕೇಳಬಹುದು.

ಹಳೇ ಮಾಸ್ಟ್ರು

ಮೂವತ್ತೊಂದು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನು. ಈಗ ನಿವೃತ್ತಿ.

ನಮ್ಮ ಎರಡು ಜಿಲ್ಲೆಗೆ ಎಸ್‌ಎಸ್‌ಎಲ್‌ಸಿ ಅಂದರೆ ಗೌರವದ ಪ್ರಶ್ನೆ. 2024ರಲ್ಲಿ ರಾಜ್ಯಕ್ಕೆ ಉಡುಪಿ ಮೊದಲು, ದಕ್ಷಿಣ ಕನ್ನಡ ಎರಡನೆಯದು. 2025ರಲ್ಲಿ ದಕ್ಷಿಣ ಕನ್ನಡ ಮೊದಲು, ಉಡುಪಿ ಎರಡನೆಯದು. ನನಗೂ ಹೆಮ್ಮೆ ಉಂಟು. ಆದರೆ ಆ ಹೆಮ್ಮೆಯ ಭಾರ ಹೊರುವವರು ಹದಿನೈದು ಹದಿನಾರು ವರ್ಷದ ಮಕ್ಕಳು.

ಒಬ್ಬಳು ಹುಡುಗಿ ಇದ್ದಳು, ತರಗತಿಗೆ ಯಾವಾಗಲೂ ಮೊದಲ ಮೂವರಲ್ಲಿ. ಜನವರಿಯಲ್ಲಿ ಅಕ್ಷರ ಸಣ್ಣ ಆಗುತ್ತಾ ಬಂತು. ನಿಜವಾಗಿ ಹೇಳುತ್ತೇನೆ, ಅವಳ ನೋಟ್ಸಿನಲ್ಲಿ ಅಕ್ಷರ ಇರುವೆಯಷ್ಟು ಆಗಿತ್ತು, ಗೆರೆಗೆ ಅಂಟಿಕೊಂಡು. ನಾನು ‘ಅಕ್ಷರ ದೊಡ್ಡ ಬರೆ’ ಅಂತ ಕೆಂಪು ಶಾಯಿಯಲ್ಲಿ ಬರೆದೆ. ಅಷ್ಟೇ ಮಾಡಿದೆ. ಅವಳ ತಾಯಿ ಬಂದು ‘ಮಗಳು ಊಟ ಬಿಟ್ಟಿದ್ದಾಳೆ ಸಾರ್’ ಅಂದಾಗಲೇ ನನಗೆ ಗೊತ್ತಾದದ್ದು. ಸರ್ಕಾರಿ ಆಸ್ಪತ್ರೆಯಲ್ಲಿ ಹದಿಹರೆಯದವರಿಗೆ ಸ್ನೇಹಾ ಕ್ಲಿನಿಕ್ ಉಂಟು, ಅಲ್ಲಿ ಆಪ್ತ ಸಮಾಲೋಚಕರು ಇರುತ್ತಾರೆ ಅಂತ ನನಗೇ ಗೊತ್ತಿರಲಿಲ್ಲ. ಮಾಸ್ಟ್ರಿಗೇ ಗೊತ್ತಿಲ್ಲದ ಮೇಲೆ ಮಕ್ಕಳಿಗೆ ಹೇಳುವವರು ಯಾರು? ಆ ಹುಡುಗಿ ಗುಣ ಆದಳು, ಪರೀಕ್ಷೆಯನ್ನೂ ಬರೆದಳು. ಕೆಂಪು ಶಾಯಿಯ ಆ ಗೆರೆ ಮಾತ್ರ ನನಗೆ ಇವತ್ತಿಗೂ ಚುಚ್ಚುತ್ತದೆ.

ಹಾಗಾಗಿ ನನ್ನ ಸಲಹೆ: ಅಕ್ಟೋಬರಿನ ಜಾಥಾ ಮಾಡಲಿ, ಒಳ್ಳೆಯದೇ. ಆದರೆ ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆಗೆ ಮೊದಲು ಒಂದು ಪೋಷಕರ ಸಭೆ ಬರೀ ಇದಕ್ಕೇ ಇಡಲಿ. ಮತ್ತೆ ಫಲಿತಾಂಶದ ಹಿಂದಿನ ದಿನ ಪ್ರತಿ ಶಾಲೆಯ ವಾಟ್ಸಾಪ್ ಗುಂಪಿಗೆ 14416 ಹೋಗಲಿ. ಮಲ್ಪೆಯವರು ಹೇಳಿದ ಹಾಗೆಯೇ, ಹೇಳಬೇಕಾದ ಹೊತ್ತಿಗೆ ಹೇಳಬೇಕು.

ಮಸ್ಕತ್ತಿನಿಂದ

ನಾನು ಬಜಪೆಯವನು, ಈಗ ಮಸ್ಕತ್ತಿನಲ್ಲಿ. ಹೆಂಡತಿ ಹೆರಿಗೆಯಾಗಿ ಹನ್ನೆರಡನೇ ದಿನ ಮಗುವನ್ನು ಎತ್ತಿಕೊಳ್ಳಲು ಒಪ್ಪಲಿಲ್ಲ. ಮಗು ತನ್ನದಲ್ಲ ಅನ್ನುತ್ತಿದ್ದಳು. ವಿಡಿಯೋ ಕಾಲಿನಲ್ಲಿ ನೋಡಿ ನನಗೆ ಏನೂ ತೋಚಲಿಲ್ಲ. ಅಜ್ಜಿ ಮಾತ್ರ ‘ಇದು ಬಾಣಂತಿ ಸನ್ನಿ, ಈಗಲೇ ಆಸ್ಪತ್ರೆಗೆ ಕರೆದುಕೊಂಡು ಹೋಗಿ’ ಅಂದರು. ನಮ್ಮ ಹಿರಿಯರಿಗೆ ಹೆಸರು ಗೊತ್ತಿದ್ದ ಕಾಯಿಲೆ ಅದು. ಹೆಸರು ಗೊತ್ತಿದ್ದದ್ದಕ್ಕೆ ಅವಳು ಉಳಿದಳು. ಬೇಗ ಗುಣವೂ ಆಯಿತು.

ಗರ್ಭಿಣಿಯರಿಗೆ ತಾಯಿ ಕಾರ್ಡ್ ಕೊಡುತ್ತಾರಲ್ಲ, ಅದು ಪ್ರತಿ ಮನೆಗೂ ಬರುವ ಸರ್ಕಾರದ ಕಾಗದ. ಕಬ್ಬಿಣ ಮಾತ್ರೆ, ಧನುರ್ವಾಯುವಿನ ಇಂಜೆಕ್ಷನ್ ಬರೆಯುವ ಹಾಗೆ ‘ನಿದ್ದೆ ಬರುತ್ತದೆಯಾ, ಮಗುವಿನ ಮೇಲೆ ಮನಸ್ಸು ಉಂಟಾ’ ಅಂತಲೂ ಕೇಳಲಿ. 14416 ಅದರ ರಕ್ಷಾಪುಟದಲ್ಲೇ ದೊಡ್ಡದಾಗಿ ಅಚ್ಚಾಗಲಿ.

ಕೋರ್ಟು ಗುಮಾಸ್ತ

ಯಾರೂ ಎತ್ತದ ಒಂದು ವಿಷಯ. ಜೀವ ತೆಗೆದುಕೊಳ್ಳಲು ಹೋಗಿ ಉಳಿದವರನ್ನು ಆಸ್ಪತ್ರೆಗೆ ಕರೆತರಲು ಮನೆಯವರು ಇವತ್ತಿಗೂ ಹೆದರುತ್ತಾರೆ. ‘ಪೊಲೀಸ್ ಕೇಸ್ ಆಗುತ್ತದೆ’ ಅಂತ ಹೆದರಿ ‘ಕಾಲು ಜಾರಿ ಬಿದ್ದದ್ದು’ ಅಂತ ಸುಳ್ಳು ಹೇಳಿಸುತ್ತಾರೆ. ಸುಳ್ಳು ಹೇಳಿದ ಮೇಲೆ ಮನೋವೈದ್ಯರ ಹತ್ತಿರ ಹೋಗುವ ಮಾತೇ ಇಲ್ಲ.

ಆ ಹೆದರಿಕೆ ಈಗ ಬೇಡ. 2017ರ ಕಾಯ್ದೆಯ 115ನೇ ಕಲಂ ಹೇಳುವುದು ಏನೆಂದರೆ, ಹಾಗೆ ಮಾಡಿಕೊಂಡವರು ಬೇರೆ ರೀತಿ ಸಾಬೀತಾಗದ ಹೊರತು ತೀವ್ರ ಒತ್ತಡದಲ್ಲಿ ಇದ್ದರು ಅಂತಲೇ ತಿಳಿಯಬೇಕು, ಅವರನ್ನು ಶಿಕ್ಷಿಸಬಾರದು. ಅವರಿಗೆ ಆರೈಕೆ ಕೊಡುವುದು ಸರ್ಕಾರದ ಕರ್ತವ್ಯ. ಹಳೆಯ ದಂಡಸಂಹಿತೆಯಲ್ಲಿ ಅದನ್ನು ಅಪರಾಧ ಅನ್ನುತ್ತಿದ್ದ 309ನೇ ಕಲಂ 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇಲ್ಲವೇ ಇಲ್ಲ. ಇದನ್ನು ಪ್ರತಿ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಬರೆದು ಹಾಕಬೇಕು. ನನ್ನ ಪ್ರಕಾರ ಇದಕ್ಕಿಂತ ಮುಖ್ಯವಾದ ಬೋರ್ಡ್ ಇನ್ನೊಂದಿಲ್ಲ.

ಇನ್ನೆರಡು: ಮೈಯ ಕಾಯಿಲೆಗೆ ಹೇಗೋ ಹಾಗೆಯೇ ಮನಸ್ಸಿನ ಕಾಯಿಲೆಗೂ ವಿಮೆ ಕೊಡಬೇಕು ಅಂತ ಇದೇ ಕಾಯ್ದೆಯಲ್ಲಿ ಉಂಟು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಮಾನಸಿಕ ಕಾಯಿಲೆಯೂ ಸೇರಿದೆ, ಹಾಗಾಗಿ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಬಹುದು. ಬಹಳ ಮನೆಗಳಿಗೆ ಇದು ಗೊತ್ತಿಲ್ಲ.

ಕಂಕನಾಡಿ ಅಣ್ಣ

115ರದ್ದು ನನಗೆ ಗೊತ್ತಿರಲಿಲ್ಲ. ನಮ್ಮ ಬೀದಿಯಲ್ಲೇ ಹಾಗೆ ಸುಳ್ಳು ಹೇಳಿದ ಒಂದು ಮನೆ ಉಂಟು.

ಡಾಕ್ಟರ್ ಮೊದಲು ಅನ್ನುವ ನನ್ನ ಮಾತು ಬಿಡುವುದಿಲ್ಲ. ಆದರೆ ಒಂದು ಉಪಾಯ ಹೇಳುತ್ತೇನೆ. ಬೆಳಿಗ್ಗೆ ಕಸದ ಗಾಡಿ ಬರುತ್ತದಲ್ಲ, ಹಾಡು ಹಾಕಿಕೊಂಡು. ಆ ಹಾಡು ಮನೆಮನೆಗೂ ಬಾಯಿಪಾಠ. ಹಾಡು ಮುಗಿದ ಮೇಲೆ ತುಳುವಿನಲ್ಲಿ, ಬ್ಯಾರಿಯಲ್ಲಿ, ಕೊಂಕಣಿಯಲ್ಲಿ, ಕನ್ನಡದಲ್ಲಿ ಅರ್ಧ ನಿಮಿಷ ಹೇಳಿಸಲಿ. ಫ್ಲೆಕ್ಸಿಗಿಂತ ಕಡಿಮೆ ಖರ್ಚು. ಗೆರಟೆಯಲ್ಲಿ ನೀರು ನಿಲ್ಲಬಾರದು ಅಂತ ಈಗ ನಮ್ಮ ಅಂಗನವಾಡಿ ಮಗುವಿಗೂ ಗೊತ್ತು. ಅದು ಹೇಗೆ ಗೊತ್ತಾಯಿತು? ವರ್ಷಗಟ್ಟಲೆ ಪ್ರತಿ ಮಳೆಗಾಲವೂ ಮನೆಗೆ ಬಂದು ಹೇಳಿದ್ದಕ್ಕೆ.

ಮಲ್ಪೆ ಬಂದರು

ನರ್ಸಮ್ಮ, ಒಂದು ಕೇಳುವುದುಂಟು. ನಮ್ಮ ಭಾವ ಮನಸ್ಸು ಕುಗ್ಗಿದ್ದಕ್ಕೆ ಮಾತ್ರೆ ಶುರು ಮಾಡಿ ಹತ್ತು ದಿನಕ್ಕೆ ಬಿಟ್ಟರು. ಗುಣ ಇಲ್ಲ ಅಂತ ಒಂದು, ಅಭ್ಯಾಸ ಆಗುತ್ತದೆ ಅಂತ ಇನ್ನೊಂದು. ಹೌದಾ?

ಸಮುದಾಯ ನರ್ಸ್

ಮನಸ್ಸು ಕುಗ್ಗಿದ್ದಕ್ಕೆ ಕೊಡುವ ಮಾತ್ರೆ ಜ್ವರದ ಮಾತ್ರೆಯ ಹಾಗೆ ಅಲ್ಲ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ. ಹತ್ತು ದಿನಕ್ಕೆ ಬಿಟ್ಟರೆ ಮಾತ್ರೆ ನುಂಗದ ಹಾಗೆಯೇ. ಆ ಮಾತ್ರೆಗೆ ಕುಡಿತದ ಹಾಗೆ ಚಟ ಹಿಡಿಯುವುದಿಲ್ಲ. ಆದರೆ ಯಾವುದನ್ನೂ ತಾನೇ ತಟ್ಟನೆ ನಿಲ್ಲಿಸಬಾರದು, ಡಾಕ್ಟರ್ ಹೇಳಿದ ಹಾಗೆ ಸ್ವಲ್ಪ ಸ್ವಲ್ಪವೇ ಕಡಿಮೆ ಮಾಡಬೇಕು. ಭಾವನ ಹತ್ತಿರ ‘ಮಾತ್ರೆ ಯಾಕೆ ಬಿಟ್ಟಿರಿ’ ಅಂತ ಗದರಿಸಬೇಡಿ. ‘ಇನ್ನೊಮ್ಮೆ ಕೇಳಿ ಬರುವಾ, ನಾನೂ ಬರುತ್ತೇನೆ’ ಅನ್ನಿ.

ತೋಟದಮನೆ ಅಕ್ಕ

ಎಲ್ಲರಿಗೂ ಬರೆಯುವುದಕ್ಕೆ ಎರಡು ವಾರ ಹೋಯಿತು. ನೀವು ಹೇಳಿದ್ದನ್ನೆಲ್ಲ ಎರಡು ಪುಟದಲ್ಲಿ ಬರೆದು ಪಂಚಾಯತಿಗೆ ಕೊಟ್ಟೆ. ಕಸದ ಗಾಡಿಯ ಮಾತು ಓದಿದ ಕೂಡಲೇ ಸದಸ್ಯೆಯೊಬ್ಬರು ‘ಇದು ನಾಳೆಯೇ ಆಗುತ್ತದೆ, ಯಾರಾದರೂ ತುಳುವಿನಲ್ಲಿ ರೆಕಾರ್ಡ್ ಮಾಡಿಕೊಡಿ’ ಅಂದರು. ನಮ್ಮ ಆಶಾ ಅಕ್ಕನೇ ಮಾಡಿಕೊಟ್ಟರು. ತರಬೇತಿ, ತಾಯಿ ಕಾರ್ಡ್ ಎಲ್ಲ ಮೇಲಿನವರಿಗೆ ಬರೆಯಬೇಕಂತೆ. ಬರೆಯುತ್ತೇವೆ.

ಇನ್ನೊಂದು ನಾನು ಯೋಚನೆಯೇ ಮಾಡಿರಲಿಲ್ಲ. ಇಲ್ಲಿ ಬಂದ ಮಾತುಗಳನ್ನು ತಮ್ಮನಿಗೆ ಓದಿ ಹೇಳುತ್ತಿದ್ದೆ. ಅವನು ಒಂದು ಬೆಳಿಗ್ಗೆ ಹಾಲು ಹಾಕಲು ಹೋದವನು ಡೈರಿಯ ಕರಿಹಲಗೆಯಲ್ಲಿ, ಫ್ಯಾಟ್ ರೇಟಿನ ಕೆಳಗೆ, ಸೀಮೆಸುಣ್ಣದಲ್ಲಿ ಬರೆದಿದ್ದಾನೆ: ‘ಮಂಡೆ ಬಿಸಿ, ನಿದ್ದೆ ಇಲ್ಲ, ಯಾರೋ ಮಾತಾಡಿದ ಹಾಗೆ ಕೇಳುತ್ತದೆ – ಇದಕ್ಕೆ ಮದ್ದು ಉಂಟು. ಮಂಗಳವಾರ, ತಾಲ್ಲೂಕು ಆಸ್ಪತ್ರೆ. ಫೋನ್ 14416.’ ಸೆಕ್ರೆಟರಿ ಅಳಿಸಲಿಲ್ಲ. ದಿನಾ ರೇಟು ಬದಲಿಸುವಾಗ ಆ ಸಾಲನ್ನು ಬಿಟ್ಟು ಒರೆಸುತ್ತಾರೆ.

ಮೂರನೇ ದಿನ ಕ್ಯಾನ್ ತೊಳೆಯುವ ನಲ್ಲಿಯ ಹತ್ತಿರ ಒಬ್ಬರು ದೊಡ್ಡ ಪ್ರಾಯದವರು ತಮ್ಮನ ಮಗ್ಗುಲಿಗೆ ಬಂದು ನಿಂತರಂತೆ. ಯಾರು ಅಂತ ಅವನು ನನಗೂ ಹೇಳಿಲ್ಲ. ‘ಎಷ್ಟನೇ ನಂಬರಿನ ರೂಮು?’ ಅಂತ ಕೇಳಿದರಂತೆ. ತಮ್ಮ ಹೇಳಿದ್ದು: ‘ನನಗೂ ಈ ಮಂಗಳವಾರ ಮಾತ್ರೆ ತರಲಿಕ್ಕುಂಟು. ಏಳೂವರೆಯ ಬಸ್ಸಿಗೆ ಒಟ್ಟಿಗೆ ಹೋಗುವಾ.’

ನಾಳೆ ಮಂಗಳವಾರ.

ಸಮುದಾಯ ನರ್ಸ್

ಅಕ್ಕ, ಹೊಸಬರಿಗೆ ಆಧಾರ್ ಕಾರ್ಡ್ ಹಿಡಿದುಕೊಳ್ಳಲು ಹೇಳಿ. ಬೇರೆ ಯಾವುದಾದರೂ ಮಾತ್ರೆ ನುಂಗುತ್ತಿದ್ದರೆ ಅದರ ಖಾಲಿ ಪಟ್ಟಿ ಇದ್ದರೂ ತರಲಿ. ಬೆಳಿಗ್ಗೆ ತಿಂಡಿ ತಿಂದೇ ಬರಲಿ, ಕೆಲವೊಮ್ಮೆ ಕಾಯಬೇಕಾಗುತ್ತದೆ.